ಗೋವಾದ ಹಳ್ಳಿಹಬ್ಬಗಳಿಗೆ ಹೊರಡುವ ಮುನ್ನ: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋಳಿ ಹುಣ್ಣಿಮೆ ಹತ್ತಿರವಾಯಿತೆಂದರೆ ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಯ ನೆಂಟರಿಷ್ಟರ ಫೋನುಗಳು ಶುರುವಾಗುತ್ತವೆ. ವಾಸ್ಕೊ, ಮಡಗಾಂವ್, ಮಾಪ್ಸಾಗಳಲ್ಲಿ ನೆಲೆಸಿರುವ ನಮ್ಮವರೂ ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಇವೇ ಮಾತು ತೆಗೆಯುತ್ತಾರೆ. ಗೋವಾದಲ್ಲಿ ವರ್ಷಗಟ್ಟಲೆ ದುಡಿದು, ಇಲ್ಲಿಯ ಒಂದು ಹಳ್ಳಿಹಬ್ಬವನ್ನೂ ನೋಡದೆ ಉಳಿದ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗಾಗಿ, ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು ಉತ್ತರಿಸಿದ್ದೇನೆ.

## ಮೊದಲ ಸಲ ಹೋಗುವವರಿಗೆ

ಗೋವಾದಲ್ಲಿ ಕಡಲತೀರ, ಚರ್ಚು ಬಿಟ್ಟರೆ ಹಳ್ಳಿಯಲ್ಲಿ ನೋಡುವಂಥದ್ದು ಏನಿದೆ?

ಸತ್ತರಿ, ಡಿಚೋಲಿ, ಫೋಂಡಾ, ಸಾಂಗೆ, ಕೇಪೆ, ಕಾಣಕೋಣ ತಾಲ್ಲೂಕುಗಳ ಗೋವಾ ಬೇರೆಯೇ ಇದೆ. ಕಾಡು, ಅಡಿಕೆ ತೋಟ, ಗದ್ದೆ, ಗೇರುಗುಡ್ಡ, ಊರಿಗೊಂದು ಗ್ರಾಮದೇವತೆ. ಈ ಊರುಗಳ ವರ್ಷ ನಡೆಯುವುದೇ ಹಬ್ಬಗಳ ಲೆಕ್ಕದಲ್ಲಿ. ಫಾಲ್ಗುಣದಲ್ಲಿ ಶಿಗ್ಮೊ, ಆಷಾಢದಲ್ಲಿ ಮಾಶೆಲ್‌ನ ಚಿಖಲ್ ಕಾಲೊ ಎಂಬ ಕೆಸರಾಟ, ಜೂನ್ 24ರಂದು ಕ್ರೈಸ್ತರ ಸಾಂಜಾಂವ್, ಆಗಸ್ಟ್‌ನಲ್ಲಿ ದಿವಾಡಿ ದ್ವೀಪದ ಬೊಂದೆರಾ. ಕಡಲತೀರದ ಜನಜಂಗುಳಿಯನ್ನು ಒಳನಾಡಿನತ್ತ ಸ್ವಲ್ಪ ತಿರುಗಿಸಬೇಕೆಂದು ಗೋವಾದ ಪ್ರವಾಸೋದ್ಯಮ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ಇವುಗಳಿಗೆ ಪ್ರಚಾರ ಕೊಡುತ್ತಿದೆ. ಪ್ರಚಾರ ಹೊಸದು, ಹಬ್ಬಗಳು ಹಳೆಯವು.

ಶಿಗ್ಮೊ ಎಂದರೆ ನಮ್ಮ ಹೋಳಿಯೇ ಅಲ್ಲವೇ?

ಕಾಲ ಒಂದೇ, ನಡೆಯುವ ರೀತಿ ಬೇರೆ. ನಮ್ಮಲ್ಲಿ ಕಾಮದಹನ ಮತ್ತು ಬಣ್ಣ ಮುಖ್ಯ. ಇಲ್ಲಿ ಬಣ್ಣವಿದ್ದರೂ ಅದು ಬದಿಗೆ. ಕುಣಿತ, ವಾದ್ಯ, ಗ್ರಾಮದೇವತೆಯ ಆರಾಧನೆ ನಡುಮಧ್ಯೆ. ಶಿಗ್ಮೊದಲ್ಲಿ ಎರಡು ಬಗೆ. ಚಿಕ್ಕದು, ಅಂದರೆ ಧಾಕ್ಟೊ ಶಿಗ್ಮೊ, ಫಾಲ್ಗುಣ ಹುಣ್ಣಿಮೆಗೆ ಐದು ದಿನ ಮೊದಲು ಆರಂಭವಾಗಿ ಹುಣ್ಣಿಮೆಗೆ ಮುಗಿಯುತ್ತದೆ. ಇದು ಪೋರ್ಚುಗೀಸರು ಮೊದಲು ಹಿಡಿದ ಕರಾವಳಿ ತಾಲ್ಲೂಕುಗಳಲ್ಲಿ ಹೆಚ್ಚು. ದೊಡ್ಡದು, ವ್ಹಡಲೊ ಶಿಗ್ಮೊ, ಹುಣ್ಣಿಮೆಯಿಂದ ಆರಂಭವಾಗಿ ಐದು ದಿನ ನಡೆಯುತ್ತದೆ. ಒಳನಾಡಿನ ತಾಲ್ಲೂಕುಗಳಲ್ಲಿ ಇದರದೇ ಆಳ್ವಿಕೆ. ದಸರೆಗೆ ದಂಡಿಗೆ ಹೋದ ಯೋಧರು ಊರಿಗೆ ಮರಳಿದ ಸಂಭ್ರಮವಿದು ಎಂಬ ನಂಬಿಕೆ ಇದೆ. ಸುಗ್ಗಿ ಮುಗಿದು ಕೈ ಬಿಡುವಾದ ರೈತರ ಹಬ್ಬವೆಂದರೂ ಸರಿಯೇ.

ಯಾವ ತಿಂಗಳಲ್ಲಿ ಬಂದರೆ ಏನು ಸಿಗುತ್ತದೆ? ಪ್ರತಿವರ್ಷ ದಿನಾಂಕ ಬದಲಾಗುತ್ತದೆಯೇ?

ಹಿಂದೂ ಹಬ್ಬಗಳು ಪಂಚಾಂಗದ ಪ್ರಕಾರ, ಕ್ರೈಸ್ತರ ಹಬ್ಬಗಳು ಹೆಚ್ಚಾಗಿ ಕ್ಯಾಲೆಂಡರಿನ ಪ್ರಕಾರ. ಶಿಗ್ಮೊಗೆ ಹೋಳಿ ಹುಣ್ಣಿಮೆ ಹಿಡಿದರೆ ಸಾಕು, ಸಾಮಾನ್ಯವಾಗಿ ಮಾರ್ಚ್. ಚಿಖಲ್ ಕಾಲೊ ಆಷಾಢ ಏಕಾದಶಿಯ ಮರುದಿನ. ಸಾಂಜಾಂವ್ ಎಂದೂ ತಪ್ಪದೆ ಜೂನ್ 24. ಬೊಂದೆರಾ ಆಗಸ್ಟ್‌ನ ನಾಲ್ಕನೆಯ ಶನಿವಾರ. ಸಾಂಖಳಿಯ ವಿಠ್ಠಲಾಪುರದಲ್ಲಿ ವಾಳವಂಟಿ ಹೊಳೆಯ ಮೇಲೆ ದೀಪ ಹೊತ್ತ ದೋಣಿಗಳನ್ನು ಬಿಡುವ ಹಬ್ಬ ತ್ರಿಪುರಾರಿ ಪೂರ್ಣಿಮೆಗೆ, ಅಂದರೆ ನಮ್ಮ ಕಾರ್ತಿಕ ಹುಣ್ಣಿಮೆಗೆ. ಹೆಂಗಸರ ಧಾಲೊ ಕುಣಿತ ಪುಷ್ಯ ಮಾಸದ ಚಳಿ ರಾತ್ರಿಗಳಲ್ಲಿ.

ಪಟ್ಟಣಗಳಲ್ಲಿ ನಡೆಯುವ ಶಿಗ್ಮೊ ಮೆರವಣಿಗೆಗಳ ವಿಷಯ ಮಾತ್ರ ಬೇರೆ. ಒಂದೊಂದು ದಿನ ಒಂದೊಂದು ಪಟ್ಟಣಕ್ಕೆ ಸರದಿ. ಪಟ್ಟಿಯನ್ನು ಕೆಲವು ವಾರ ಮೊದಲಷ್ಟೇ ಸರ್ಕಾರ ಪ್ರಕಟಿಸುತ್ತದೆ. ಹಿಂದಿನ ವರ್ಷದ ಪಟ್ಟಿ ನಂಬಿ ರೈಲು ಟಿಕೆಟ್ ಮಾಡಿಸಬೇಡಿ.

ಟಿಕೆಟ್ ಎಷ್ಟು? ಮೊದಲೇ ಬುಕಿಂಗ್ ಮಾಡಬೇಕೇ?

ಟಿಕೆಟ್ ಇಲ್ಲ. ಊರ ಹಬ್ಬಕ್ಕೆ ಯಾರು ಟಿಕೆಟ್ ಹಾಕುತ್ತಾರೆ? ಹಣ ಕೊಟ್ಟರೆ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆಂದು ಯಾರಾದರೂ ಹೇಳಿದರೆ ಕೊಡಬೇಡಿ.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬರುವವರಿಗೆ ಯಾವ ದಾರಿ ಅನುಕೂಲ?

ನೀವು ನೋಡಬೇಕಾದ ಊರನ್ನು ನೋಡಿ ದಾರಿ ಆರಿಸಿ. ಸತ್ತರಿ, ಡಿಚೋಲಿ ಕಡೆಗಾದರೆ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಸಾಂಖಳಿ ಸೇರಬಹುದು. ಫೋಂಡಾ, ಸಾಂಗೆ ಕಡೆಗೆ ರಾಮನಗರ, ಅನ್ಮೋಡ್ ಘಾಟ್, ಮೊಲೆ ಮಾರ್ಗ. ಕಾರವಾರದವರಿಗೆ ಕಾಣಕೋಣ ಪಕ್ಕದ ತಾಲ್ಲೂಕು. ರೈಲಾದರೆ ಲೋಂಡಾ, ಕ್ಯಾಸಲ್‌ರಾಕ್, ಕುಳೆ ಮೂಲಕ ಮಡಗಾಂವ್ ಅಥವಾ ವಾಸ್ಕೊ. ಮಳೆಗಾಲದ ಹಬ್ಬಗಳಿಗೆ ಬರುವವರು ಹೊರಡುವ ದಿನ ಘಾಟ್ ರಸ್ತೆಯ ಸ್ಥಿತಿ ವಿಚಾರಿಸಲೇಬೇಕು. ಗುಡ್ಡ ಕುಸಿದು ಸಂಚಾರ ನಿಲ್ಲುವುದು ಆ ದಾರಿಗಳಲ್ಲಿ ಅಪರೂಪವಲ್ಲ.

ಗೋವಾದೊಳಗೆ ಕದಂಬ ಸಾರಿಗೆ ಮತ್ತು ಖಾಸಗಿ ಬಸ್‌ಗಳು ಹಳ್ಳಿಗಳಿಗೂ ಹೋಗುತ್ತವೆ. ಆದರೆ ಕತ್ತಲಾದ ಮೇಲೆ ಅವುಗಳ ಸಂಖ್ಯೆ ಇಳಿದುಬಿಡುತ್ತದೆ, ಹಬ್ಬ ರಂಗೇರುವುದೋ ಕತ್ತಲಾದ ಮೇಲೆಯೇ. ಹಿಂದಿರುಗುವ ವಾಹನವನ್ನು ಹಗಲಲ್ಲೇ ಗೊತ್ತುಮಾಡಿಕೊಳ್ಳಿ.

ಮಕ್ಕಳನ್ನು, ವಯಸ್ಸಾದವರನ್ನು ಕರೆತಂದರೆ ಕಷ್ಟವಾಗುವುದೇ?

ಹಳ್ಳಿಯ ಶಿಗ್ಮೊ, ಚಿಖಲ್ ಕಾಲೊ, ವಿಠ್ಠಲಾಪುರದ ದೀಪದ ದೋಣಿ ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ. ಪಟ್ಟಣದ ಮೆರವಣಿಗೆ ರಾತ್ರಿ ಬಹಳ ಹೊತ್ತು ಎಳೆಯುತ್ತದೆ. ಧ್ವನಿವರ್ಧಕದ ಅಬ್ಬರವನ್ನು ಹಿರಿಯರು ತಾಳಲಾರರು. ಡಿಚೋಲಿ ತಾಲ್ಲೂಕಿನ ಶಿರಗಾಂವದ ಲೈರಾಯಿ ದೇವಿಯ ಜಾತ್ರೆಗೆ ಮಾತ್ರ ಪುಟ್ಟ ಮಕ್ಕಳನ್ನು ಕರೆದೊಯ್ಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಭಕ್ತರು ಕೆಂಡ ಹಾಯುವ ಆ ಜಾತ್ರೆಗೆ ಅಪಾರ ಜನ ಸೇರುತ್ತಾರೆ, ದಾರಿಗಳು ಕಿರಿದು. 2025ರ ಮೇ ತಿಂಗಳಲ್ಲಿ ಅಲ್ಲಿ ಕಾಲ್ತುಳಿತವಾಗಿ ಜೀವಗಳು ಹೋದವು.

## ಹಬ್ಬದ ಒಳಗೆ

ಪಣಜಿಯಲ್ಲಿ ಶಿಗ್ಮೊ ಮೆರವಣಿಗೆ ನೋಡಿದೆವು. ಮತ್ತೆ ಹಳ್ಳಿಗೆ ಏಕೆ ಹೋಗಬೇಕು?

ಈ ಪ್ರಶ್ನೆಗೆ ಉತ್ತರಿಸುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ಮೆರವಣಿಗೆ ನೋಡಿದವರು ಶಿಗ್ಮೊದ ಅರ್ಧವನ್ನಷ್ಟೇ ನೋಡಿದ್ದಾರೆ, ಅದೂ ಈಚಿನ ಅರ್ಧ.

ಪಟ್ಟಣದ ಮೆರವಣಿಗೆ ಸ್ಪರ್ಧೆ. ರೋಮಟಾಮೇಳದ ತಂಡಗಳು ಢೋಲು, ತಾಸೆ, ಕಂಸಾಳೆ ಬಡಿಯುತ್ತ, ಬಾವುಟ ಬೀಸುತ್ತ, ‘ಓಸ್ಸಯ್, ಓಸ್ಸಯ್’ ಎಂದು ಕೂಗುತ್ತ ಸಾಗುತ್ತವೆ. ಹಿಂದೆ ಜಾನಪದ ಕುಣಿತಗಳು, ವೇಷಧಾರಿಗಳು, ಪುರಾಣದ ಕಥೆಗಳ ದೊಡ್ಡ ದೊಡ್ಡ ಚಿತ್ರರಥಗಳು. ಚೆನ್ನಾಗಿಯೇ ಇರುತ್ತದೆ. ಆದರೆ ತೀರ್ಪುಗಾರರ ವೇದಿಕೆಯ ಮುಂದೆ ತಂಡಗಳು ಜೀವ ಬಿಟ್ಟು ಕುಣಿಯುತ್ತವೆ, ಅದು ದಾಟಿದ ಮೇಲೆ ಸುಮ್ಮನೆ ನಡೆಯುತ್ತವೆ. ನೀವು ನಿಂತ ಜಾಗ ವೇದಿಕೆಯಿಂದ ದೂರವಿದ್ದರೆ ದಣಿದ ಮುಖಗಳನ್ನಷ್ಟೇ ನೋಡುತ್ತೀರಿ.

ಹಳ್ಳಿಯ ಶಿಗ್ಮೊ ಮಾಂಡಿನಲ್ಲಿ ಹುಟ್ಟುತ್ತದೆ. ಮಾಂಡ್ ಎಂದರೆ ಊರಿನ ಪವಿತ್ರ ಬಯಲು. ಸಾಮಾನ್ಯವಾಗಿ ದೇವಸ್ಥಾನದ ಎದುರೋ, ಹಳೆಯ ಮರದ ಬುಡದಲ್ಲೋ ಇರುವ ಮಣ್ಣಿನ ಅಂಗಳ. ಉಳಿದ ದಿನ ನೋಡಿದರೆ ಖಾಲಿ ಜಾಗವೆಂದು ದಾಟಿ ಹೋಗುತ್ತೀರಿ. ಶಿಗ್ಮೊ ದಿನಗಳಲ್ಲಿ ಅಲ್ಲಿ ದೀಪ ಇಡುತ್ತಾರೆ, ತೆಂಗಿನಕಾಯಿ ಇಡುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಮೊದಲು ನಮನ. ಗಂಡಸರು ಮೆಲುದನಿಯಲ್ಲಿ ಗ್ರಾಮದೇವತೆಯನ್ನೂ ಊರ ಕಾಯುವ ಸಕಲ ಶಕ್ತಿಗಳನ್ನೂ ಹೆಸರು ಹಿಡಿದು ಕರೆಯುತ್ತಾರೆ. ಅದು ಮುಗಿಯುವ ತನಕ ಯಾರೂ ಹೆಜ್ಜೆ ಹಾಕುವುದಿಲ್ಲ. ಆಮೇಲೆ ಢೋಲಿನ ಮೇಲೆ ಪೆಟ್ಟು ಬೀಳುತ್ತದೆ, ನಿಧಾನಕ್ಕೆ ಕಾವೇರುತ್ತದೆ. ಅಲ್ಲಿಂದ ಮೇಳ ಮನೆಮನೆಗೆ ಹೊರಡುತ್ತದೆ. ಮನೆಯವರು ಆರತಿ ಎತ್ತುತ್ತಾರೆ, ಕಾಯಿ, ಅಕ್ಕಿ, ಕೈಲಾದಷ್ಟು ಕಾಣಿಕೆ ಕೊಡುತ್ತಾರೆ. ಮೇಳದವರು ಆ ಮನೆಗೆ ಒಳ್ಳೆಯದಾಗಲೆಂದು ಹರಸಿ ಮುಂದಿನ ಅಂಗಳಕ್ಕೆ ಹೋಗುತ್ತಾರೆ. ನೋಡಲು ಯಾರೂ ಬರದಿದ್ದರೂ ಇದು ಹೀಗೆಯೇ ನಡೆಯುತ್ತದೆ. ನೀವು ಹೋಗಿ ನಿಂತರೆ ಅತಿಥಿಗಳಾಗಿ ನಿಲ್ಲುತ್ತೀರಿ, ಗಿರಾಕಿಗಳಾಗಿ ಅಲ್ಲ. ಪಟ್ಟಣಕ್ಕೂ ಹಳ್ಳಿಗೂ ಇರುವ ಅಂತರ ಅದೇ.

ಒಂದೇ ದಿನ ಬಿಡುವಿದ್ದರೆ ಹಳ್ಳಿಗೆ ಹೋಗಿ. ಎರಡು ದಿನ ಇದ್ದರೆ ಮೊದಲು ಹಳ್ಳಿ, ಆಮೇಲೆ ಮೆರವಣಿಗೆ. ಮಾಂಡಿನಲ್ಲಿ ಕಂಡ ಕುಣಿತವೇ ಬೀದಿಯಲ್ಲಿ ಬಂದಾಗ ಏನು ಉಳಿದಿದೆ, ಏನು ಸೇರಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಘೋಡೆಮೋಡ್ನಿ, ಗೋಫ್, ವೀರಭದ್ರ... ಇವೆಲ್ಲ ನಮ್ಮ ಕಡೆಯ ಕುಣಿತಗಳಂತೆಯೇ ಕಂಡವು. ನಿಜವೇ?

ಕಣ್ಣು ಸರಿಯಾಗಿಯೇ ಗುರುತಿಸಿದೆ, ಆದರೆ ‘ನಮ್ಮದನ್ನು ಅವರು ತೆಗೆದುಕೊಂಡರು’ ಎಂದು ಹಟ ಹಿಡಿಯಬೇಡಿ. ಘಾಟಿನ ಎರಡೂ ಬದಿ ಬೆಳೆದ ಕಲೆಗಳಿವು.

ಘೋಡೆಮೋಡ್ನಿ ನಮ್ಮ ಕೀಲುಕುದುರೆಯ ಬಂಧು. ಕುದುರೆಯ ಮುಖವಿರುವ ಹಗುರ ಚೌಕಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಅದಕ್ಕೆ ಬಟ್ಟೆ, ಹೂವು ಹೊದಿಸಿ, ತಲೆಗೆ ಪೇಟ ಸುತ್ತಿ, ಎಡಗೈಯಲ್ಲಿ ಲಗಾಮು, ಬಲಗೈಯಲ್ಲಿ ಒರೆ ಬಿಚ್ಚಿದ ಕತ್ತಿ ಹಿಡಿದು ಕುಣಿಯುತ್ತಾರೆ. ಹಾಡಿಲ್ಲ, ಢೋಲು, ತಾಸೆಯ ಬಡಿತಕ್ಕೆ ಕಾಲು ಹೊಂದಿಸುವುದಷ್ಟೇ. ಸತ್ತರಿ, ಡಿಚೋಲಿ, ಪೆಡ್ಣೆಗಳಲ್ಲಿ ಇದು ಹೆಚ್ಚು. ಪೋರ್ಚುಗೀಸರ ವಿರುದ್ಧ ಸತ್ತರಿಯ ರಾಣೆ ಮನೆತನದವರು ಮತ್ತೆ ಮತ್ತೆ ಎದ್ದು ನಿಂತವರು. 1852ರಲ್ಲಿ ದೀಪಾಜಿ ರಾಣೆ ಸಾರಿದ ಬಂಡಾಯ ಅವುಗಳಲ್ಲಿ ಹೆಸರಾದದ್ದು. ಆ ಹೋರಾಟಗಳಲ್ಲಿ ಕಂಡ ಗೆಲುವಿನ ನೆನಪೇ ಈ ಕುಣಿತ ಎಂದು ಜನ ಹೇಳುತ್ತಾರೆ. ಹೆಜ್ಜೆಯಲ್ಲಿರುವ ಬಿಗುವನ್ನು ನೋಡಿದರೆ ನಂಬಬೇಕೆನ್ನಿಸುತ್ತದೆ.

ಗೋಫ್ ನೋಡಿದವರು ಜಡೆ ಕೋಲಾಟ ಎಂದು ತಕ್ಷಣ ಹೇಳುತ್ತಾರೆ. ಕಾಣಕೋಣದ ಕಡೆ ಇದರ ಸೊಗಸೇ ಬೇರೆ. ಮೇಲಿನಿಂದ ಇಳಿಬಿಟ್ಟ ಬಣ್ಣಬಣ್ಣದ ಹಗ್ಗಗಳ ತುದಿಯನ್ನು ಒಬ್ಬೊಬ್ಬರು ಹಿಡಿಯುತ್ತಾರೆ. ಹಾಡಿನೊಂದಿಗೆ ಒಬ್ಬರ ಒಳಗಿಂದ ಒಬ್ಬರು ನುಸುಳುತ್ತ ಸುತ್ತಿದಂತೆ ಮೇಲೆ ಜಡೆ ಹೆಣೆದುಕೊಳ್ಳುತ್ತ ಕೆಳಗಿಳಿಯುತ್ತದೆ. ಹಗ್ಗ ಗಿಡ್ಡವಾದಂತೆ ಕುಣಿಯುವವರು ಒತ್ತಿಕೊಂಡು ಬರುತ್ತಾರೆ. ಆಮೇಲೆ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿಸಿ ಇಡೀ ಜಡೆಯನ್ನು ಬಿಚ್ಚುತ್ತಾರೆ. ಒಬ್ಬ ಒಂದೇ ಒಂದು ಸುತ್ತು ತಪ್ಪಿದರೆ ಗಂಟು ಬೀಳುತ್ತದೆ, ಆಟ ನಿಲ್ಲುತ್ತದೆ. ಹೆಣೆಯುವಾಗ ಜನ ಮೇಲೆ ನೋಡುತ್ತಾರೆ. ನೀವು ಬಿಚ್ಚುವಾಗ ಅವರ ಕಾಲುಗಳನ್ನು ನೋಡಿ.

ಇನ್ನು ವೀರಭದ್ರ. ನಮ್ಮ ಪುರವಂತರನ್ನು, ವೀರಗಾಸೆಯನ್ನು ಕಂಡು ಬೆಳೆದವರಿಗೆ ಸಾಂಖಳಿ, ಫೋಂಡಾಗಳ ವೀರಭದ್ರನನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಕೈಯಲ್ಲಿ ಕತ್ತಿ, ಮುಖದಲ್ಲಿ ರೌದ್ರ. ಧಾರವಾಡ ಕಡೆಯ ಅಜ್ಜಿಯೊಬ್ಬರು ಅವನನ್ನು ಕಂಡೊಡನೆ ಸೆರಗು ಹೊದ್ದು ಕೈಮುಗಿದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವರಿಗೆ ಕೊಂಕಣಿಯ ಒಂದಕ್ಷರವೂ ಬರುತ್ತಿರಲಿಲ್ಲ.

ಚಿಖಲ್ ಕಾಲೊಗೆ ಹೋದರೆ ಕೆಸರಿಗೆ ಇಳಿಯಲೇಬೇಕೇ?

ಬಲವಂತವಿಲ್ಲ, ಆದರೆ ಅಂಚಿನಲ್ಲಿ ನಿಂತವರಿಗೂ ಕೆಸರು ಹಾರುತ್ತದೆ. ಹಳೆಯ ಬಟ್ಟೆ ತೊಟ್ಟು ಬನ್ನಿ, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ.

ಫೋಂಡಾ ತಾಲ್ಲೂಕಿನ ಮಾಶೆಲ್‌ನಲ್ಲಿ ದೇವಕಿ ಕೃಷ್ಣ ದೇವಸ್ಥಾನವಿದೆ. ಮಗು ಕೃಷ್ಣನೊಂದಿಗೆ ತಾಯಿ ದೇವಕಿಯನ್ನು ಪೂಜಿಸುವ ಗುಡಿ ಬೇರೆ ಕಡೆ ಸಿಗುವುದು ಅಪರೂಪ. ಮೊದಲು ಗುಡಿಯಲ್ಲಿ ಭಜನೆ. ದ್ವಾದಶಿಯ ದಿನ ಗಂಡಸರು, ಹುಡುಗರು ಮೈಗೆ ಎಣ್ಣೆ ಸವರಿಕೊಂಡು ಮಳೆಯಲ್ಲಿ ನೆನೆದ ಎದುರಿನ ಬಯಲಿಗೆ ಇಳಿಯುತ್ತಾರೆ. ಎಲ್ಲ ಆಟಗಳೂ ಗೋಕುಲದ ಕೃಷ್ಣ ಗೆಳೆಯರೊಂದಿಗೆ ಆಡಿದ ಆಟಗಳೆಂಬ ಭಾವ: ಕಣ್ಣಾಮುಚ್ಚಾಲೆ, ಕಪ್ಪೆಯಂತೆ ಕುಪ್ಪಳಿಸುವುದು, ಚಕ್ರದಂತೆ ಸುತ್ತುವುದು, ಚೆಂಡಿನಾಟ. ಅರವತ್ತು ದಾಟಿದವರು ಮೊಮ್ಮಕ್ಕಳ ಜೊತೆ ಕೆಸರಿನಲ್ಲಿ ಹೊರಳುತ್ತಾರೆ. ಈಗ ಇಲಾಖೆಯವರು ಇದಕ್ಕೆ ಸಾಂಸ್ಕೃತಿಕ ಕಾರ್ಯಕ್ರಮಗಳನ್ನೂ ಜೋಡಿಸಿದ್ದಾರೆ. ಬಯಲಿನ ಆಟ ಮಾತ್ರ ಊರವರ ಕೈಯಲ್ಲೇ ಇದೆ. ಉತ್ತರ ಕರ್ನಾಟಕದ ಮಳೆ ಕಾಯುವ ಊರುಗಳಿಂದ ಬಂದವರಿಗೆ, ನೆಲ ಇಷ್ಟು ನೀರು ಕುಡಿದಿರುವುದನ್ನು ಕಾಣುವುದೇ ಅರ್ಧ ಹಬ್ಬ.

ಸಾಂಜಾಂವ್ ದಿನ ಬಾವಿಗೆ ಹಾರುತ್ತಾರಂತೆ. ನಾವೂ ಹಾರಬಹುದೇ?

ಆ ಮನೆಯವರು ಕರೆದರೆ, ನಿಮಗೆ ಚೆನ್ನಾಗಿ ಈಜು ಬಂದರೆ, ಕುಡಿದಿರದಿದ್ದರೆ ಹಾರಬಹುದು. ಮೂರರಲ್ಲಿ ಒಂದು ತಪ್ಪಿದರೂ ಬೇಡ.

ಇದು ಸಂತ ಜಾನ್ ಬ್ಯಾಪ್ಟಿಸ್ಟನ ಹಬ್ಬ. ಏಸುವನ್ನು ಗರ್ಭದಲ್ಲಿ ಹೊತ್ತ ಮೇರಿ ಬಂದಾಗ ಎಲಿಜಬೆತಳ ಗರ್ಭದಲ್ಲಿದ್ದ ಜಾನ್ ಸಂತೋಷದಿಂದ ನೆಗೆದನೆಂಬ ಬೈಬಲ್ಲಿನ ಪ್ರಸಂಗಕ್ಕೆ ಈ ನೆಗೆತವನ್ನು ಹೋಲಿಸುತ್ತಾರೆ. ಮಳೆಗೆ ತುಂಬಿದ ಬಾವಿ, ತಲೆಯ ಮೇಲೆ ಹೂವು, ಬಳ್ಳಿ, ಎಲೆಗಳಿಂದ ಹೆಣೆದ ಕೊಪೆಲ್ ಎಂಬ ಕಿರೀಟ, ಘೂಮಟ್ ಎಂಬ ಮಣ್ಣಿನ ವಾದ್ಯದ ಬಡಿತ. ಆ ವರ್ಷ ಮದುವೆಯಾದ ಅಳಿಯನಿಗೆ ಅತ್ತೆಮನೆಯಲ್ಲಿ ವಿಶೇಷ ಮರ್ಯಾದೆ. ಶಿವೋಲಿಯಲ್ಲಿ ಅಲಂಕರಿಸಿದ ದೋಣಿಗಳ ಮೆರವಣಿಗೆ ನಡೆಯುತ್ತದೆ. ನೀರಿಗಿಳಿಯದವರು ಅಲ್ಲಿ ದಡದ ಮೇಲೆ ಜಾಗ ಹಿಡಿದರೆ ಹಬ್ಬ ಪೂರ್ತಿ ದಕ್ಕುತ್ತದೆ.

ದಿವಾಡಿ ದ್ವೀಪದ ಬಾವುಟದ ಹಬ್ಬ ಯಾವುದು? ಹೋಗುವುದು ಹೇಗೆ?

ಅದೇ ಬೊಂದೆರಾ. ಪಿಯೆದಾದೆ ಊರಿನ ಕೇರಿಗಳ ನಡುವೆ ಗಡಿಜಗಳ ಹೆಚ್ಚಾಗಿ ಪೋರ್ಚುಗೀಸರು ಗಡಿಗೆ ಬಾವುಟ ನೆಟ್ಟರಂತೆ, ಜನ ಅವನ್ನು ಕಲ್ಲು ಹೊಡೆದು ಉರುಳಿಸಿದರಂತೆ. ಈಗ ಕಲ್ಲಿನ ಬದಲು ಬಿದಿರಿನ ಕೊಳವೆಯಲ್ಲಿ ಕಾಡುಕಾಯಿ ಸಿಡಿಸುವ ಆಟವಿದೆ, ಕೇರಿಗೊಂದು ಮೆರವಣಿಗೆಯಿದೆ. ಹಳೆಗೋವಾ, ರಾಯಬಂದರ್, ನಾರ್ವೆ ಕಡೆಯಿಂದ ಫೆರಿ ಹಿಡಿಯಬೇಕು. ನಡೆದು ಹತ್ತುವವರಿಗೆ ಶುಲ್ಕವಿಲ್ಲ. ಕಾರನ್ನು ಈಚೆ ದಡದಲ್ಲೇ ಬಿಡಿ. ಅಂದು ಫೆರಿಗೆ ಕಾರುಗಳ ಸಾಲು ಕರಗುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ.

ನಾವು ಹೊರಗಿನವರು, ಕೊಂಕಣಿ ಬರುವುದಿಲ್ಲ. ಹಳ್ಳಿಯವರು ಸೇರಿಸಿಕೊಳ್ಳುತ್ತಾರೆಯೇ?

ಈ ಪ್ರಶ್ನೆಯ ಹಿಂದಿನ ಅಳುಕು ನನಗೆ ಗೊತ್ತು. ಗಾರೆ ಕೆಲಸಕ್ಕೆ, ಮೀನು ದಕ್ಕೆಗೆ, ಮನೆಗೆಲಸಕ್ಕೆ ಬಂದ ನಮ್ಮವರನ್ನು ಇಲ್ಲಿ ಕೆಲವರು ಹಗುರವಾಗಿ ಕರೆಯುವುದುಂಟು. ಆ ಗಾಯ ಇರುವವರು ‘ಅವರ ಹಬ್ಬಕ್ಕೆ ನಾವೇಕೆ’ ಎಂದು ದೂರ ಉಳಿಯುತ್ತಾರೆ. ವಾಸ್ಕೊದ ದಾಮೋದರ ಸಪ್ತಾಹಕ್ಕೆ ಕಾಯಿ ಹಿಡಿದು ಹೋಗುವವರು ಕೂಡ ಹಳ್ಳಿಯ ಮಾಂಡಿಗೆ ಹೋಗಲು ಹಿಂಜರಿಯುತ್ತಾರೆ.

ಹೋಗಿ ನೋಡಿ. ಹಬ್ಬದ ದಿನ ಹಳ್ಳಿಯ ಅಂಗಳದಲ್ಲಿ ನೀವು ಯಾರೆಂದು ಕೇಳುವುದು ಕುತೂಹಲಕ್ಕೆ. ಮೊದಲು ದೇವರಿಗೆ ಕೈಮುಗಿಯಿರಿ, ಹಿರಿಯರೊಬ್ಬರ ಬಳಿ ನೋಡಲು ಬಂದಿದ್ದೇವೆಂದು ಹೇಳಿ. ಒಳನಾಡಿನಲ್ಲಿ ಮರಾಠಿ, ಹಿಂದಿ ನಡೆಯುತ್ತದೆ; ಸಾಂಗೆ, ಕಾಣಕೋಣದ ಕಡೆ ಕನ್ನಡ ಅರ್ಥವಾಗುವವರೂ ಸಿಗುತ್ತಾರೆ. ‘ದೇವ್ ಬರೆಂ ಕರೂಂ’ ಎಂಬ ಕೊಂಕಣಿಯ ಕೃತಜ್ಞತೆಯ ಮಾತೊಂದನ್ನು ಕಲಿತುಹೋಗಿ, ಎದುರಿನವರ ಮುಖ ಅರಳುವುದನ್ನು ಕಾಣುತ್ತೀರಿ.

ಧಾಲೊ ವಿಷಯದಲ್ಲಿ ಒಂದು ಎಚ್ಚರ. ಅದು ಹೆಂಗಸರ ಮಾಂಡ್. ಎದುರುಬದುರಾಗಿ ಎರಡು ಸಾಲಿನಲ್ಲಿ ಕೈ ಬೆಸೆದು ಹಾಡುತ್ತ ಹೆಜ್ಜೆ ಹಾಕುತ್ತಾರೆ. ಗಂಡಸರು ತಾವಾಗಿ ಅಲ್ಲಿಗೆ ನುಗ್ಗಬಾರದು. ನಮ್ಮ ಹೆಣ್ಣುಮಕ್ಕಳನ್ನು ಮಾತ್ರ ಕೈಹಿಡಿದು ಸಾಲಿಗೆ ಎಳೆದುಕೊಳ್ಳುತ್ತಾರೆ.

ಫೋಟೊ, ವಿಡಿಯೊ ತೆಗೆಯಬಹುದೇ?

ಮೆರವಣಿಗೆಯಲ್ಲಿ ಧಾರಾಳವಾಗಿ. ಮಾಂಡಿನಲ್ಲಿ ಕೇಳಿ. ನಮನ ನಡೆಯುವಾಗ, ಯಾರ ಮೈಮೇಲಾದರೂ ದೇವರು ಬಂದಾಗ ಮೊಬೈಲ್ ಜೇಬಿನಲ್ಲಿರಲಿ. ಡ್ರೋನ್ ತರಲೇಬೇಡಿ.

ಊಟಕ್ಕೆ, ಉಳಿಯಲು ಏನು ವ್ಯವಸ್ಥೆ? ನಾವು ಸಸ್ಯಾಹಾರಿಗಳು.

ಗೋವಾ ಎಂದರೆ ಮೀನು ಎಂದುಕೊಂಡವರಿಗೆ ಫೋಂಡಾ, ಸತ್ತರಿಯ ಸಸ್ಯಾಹಾರ ಬೆರಗು ಹುಟ್ಟಿಸುತ್ತದೆ. ಹಲವು ತರಕಾರಿ, ಗಡ್ಡೆಗಳನ್ನು ಸೇರಿಸಿ ಮಾಡುವ ಖತ್ಖತೆ, ಕೋಕಂ ಮತ್ತು ತೆಂಗಿನ ಹಾಲಿನ ಸೋಲಕಡಿ, ಕುಸುಬಲಕ್ಕಿಯ ಗಂಜಿ. ಶ್ರಾವಣದಲ್ಲಿ ಬಂದರೆ ಅರಿಶಿನದ ಎಲೆಯಲ್ಲಿ ಅಕ್ಕಿಹಿಟ್ಟು ಸವರಿ, ಕಾಯಿಬೆಲ್ಲದ ಹೂರಣ ತುಂಬಿ, ಮಡಚಿ ಹಬೆಯಲ್ಲಿ ಬೇಯಿಸಿದ ಪಾತೋಳಿ ಸಿಗುತ್ತದೆ. ಹಿಂದೂಗಳು ನಾಗರಪಂಚಮಿಗೆ ಮಾಡುತ್ತಾರೆ, ಕ್ರೈಸ್ತರು ಆಗಸ್ಟ್ 15ರ ಮೇರಿಯ ಹಬ್ಬಕ್ಕೆ. ಕರಾವಳಿ ಕನ್ನಡಿಗರಿಗೆ ಇದು ಮನೆಯ ತಿಂಡಿಯೇ.

ಉಳಿಯಲು ಕಡಲತೀರದ ಹೋಟೆಲ್ ಬೇಡ, ಹಬ್ಬದ ಊರಿಂದ ಅದು ದೂರವಾಗುತ್ತದೆ. ಫೋಂಡಾ ಸುತ್ತಲಿನ ಸಾವೊಯಿ ವೆರೆಂ, ಕೇರಿ ಕಡೆಯ ಮಸಾಲೆ ತೋಟಗಳು, ಸಾಂಗೆಯ ನೇತ್ರಾವಳಿಯ ಹೋಮ್‌ಸ್ಟೇಗಳು, ದೇವಸ್ಥಾನಗಳ ಅಗ್ರಶಾಲೆಗಳು (ಭಕ್ತರು ತಂಗುವ ಕೋಣೆಗಳು) ಇವೆ. ಅಗ್ರಶಾಲೆಯಲ್ಲಿ ಉಳಿಯುವವರು ಅಲ್ಲಿಯ ಆಹಾರ, ಉಡುಪಿನ ನಿಯಮ ಪಾಲಿಸಬೇಕು.

## ಇನ್ನಷ್ಟು ತಿಳಿಯಬಯಸುವವರಿಗೆ

ಗೋವಾದ ದೊಡ್ಡ ದೇವಸ್ಥಾನಗಳೆಲ್ಲ ಫೋಂಡಾ ಸುತ್ತಲೇ ಏಕಿವೆ? ಹಬ್ಬಗಳಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಿಸವಾಡಿ, ಬಾರ್ದೇಸ್, ಸಾಸಷ್ಟಿಗಳಲ್ಲಿ ಗುಡಿಗಳನ್ನು ಕೆಡವಿದಾಗ ಭಕ್ತರು ಮೂರ್ತಿಗಳನ್ನು ಹೊಳೆ ದಾಟಿಸಿ ಪೋರ್ಚುಗೀಸರ ಆಳ್ವಿಕೆಗೆ ಸೇರದ ಪ್ರದೇಶಗಳಲ್ಲಿ ಅಡಗಿಸಿದರು. ಫೋಂಡಾ ಅಂಥದೊಂದು ಪ್ರದೇಶ. ಮಾಶೆಲ್‌ನ ದೇವಕಿ ಕೃಷ್ಣ ಚೋಡಣ ದ್ವೀಪದಿಂದ ಬಂದದ್ದು. ಜಾಂಬಾವಲಿಯ ದಾಮೋದರ ಮಡಗಾಂವ್‌ನವನು. ಅದಕ್ಕೇ ಹೋಳಿಯ ನಂತರ ಕುಶಾವತಿ ಹೊಳೆಯ ದಡದಲ್ಲಿ ನಡೆಯುವ ಗುಲಾಲೋತ್ಸವಕ್ಕೆ ಮಡಗಾಂವ್‌ನವರು ಇಂದಿಗೂ ತಮ್ಮ ಮನೆಯ ಹಬ್ಬವೆಂಬಂತೆ ಹೋಗುತ್ತಾರೆ. ಒಳನಾಡು ಪೋರ್ಚುಗೀಸರ ಕೈಗೆ ಬಂದದ್ದು 18ನೆಯ ಶತಮಾನದಲ್ಲಿ. ಅಷ್ಟರಲ್ಲಿ ಮತಾಂತರದ ಬಿರುಸು ಇಳಿದಿತ್ತು. ಮಾಂಡಿನ ಸಂಪ್ರದಾಯ ಅಲ್ಲಿ ಗಟ್ಟಿಯಾಗಿ ಉಳಿದುಕೊಂಡಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಹಾಗಿದ್ದರೆ ಹಿಂದೂಗಳ ಹಬ್ಬಕ್ಕೆ ಕ್ರೈಸ್ತರು ಬರುವುದಿಲ್ಲವೇ?

ಬರುತ್ತಾರೆ, ಇವರೂ ಹೋಗುತ್ತಾರೆ. ಕ್ರಿಸ್‌ಮಸ್ ಕಳೆದ ಮೊದಲ ಸೋಮವಾರ ಶಿವೋಲಿಯಲ್ಲಿ ರಾತ್ರಿಯಿಡೀ ನಡೆಯುವ ಜಾಗರ್ ಎಂಬ ಜಾನಪದ ಆಟದಲ್ಲಿ ಹಿಂದೂ ಮತ್ತು ಕ್ರೈಸ್ತ ಮನೆತನಗಳೆರಡಕ್ಕೂ ಪಾಲಿದೆ. ಶಿರಗಾಂವದ ಲೈರಾಯಿ ಮತ್ತು ಮಾಪ್ಸಾ ಚರ್ಚಿನ ಮಿಲಾಗ್ರಿಸ್ ಸಾಯಬಿಣ್ ಎಂಬ ಮೇರಿಮಾತೆ ಅಕ್ಕತಂಗಿಯರು ಎಂದು ಜನ ನಂಬುತ್ತಾರೆ. ಮತ ಬದಲಾಯಿತು, ನಂಟು ಬಿಡಲಿಲ್ಲ.

ಕದಂಬರು, ವಿಜಯನಗರದವರು ಆಳಿದ ನೆಲವಂತೆ. ಹಬ್ಬಗಳಲ್ಲಿ ಆ ಗುರುತು ಸಿಗುತ್ತದೆಯೇ?

ಚಾಂದೋರ್‌ಗೆ ಹೋಗಿ. ಗೋವೆಯ ಕದಂಬರ ಮೊದಲ ರಾಜಧಾನಿ ಚಂದ್ರಪುರ ಇದೇ. ಕಾರ್ನಿವಲ್‌ನ ಸೋಮವಾರ ಅಲ್ಲಿಯ ಕ್ರೈಸ್ತರು ಒನಕೆ ಹಿಡಿದು ಕುಣಿಯುವ ಮುಸಳ್ ಖೇಳ್ ನಡೆಯುತ್ತದೆ. ವಿಜಯನಗರದ ಅರಸನ ಗೆಲುವಿನ ನೆನಪು ಎಂದು ಅದರ ಬಗ್ಗೆ ಹೇಳಿಕೆಯಿದೆ. ಪಟ್ಟಣಗಳಲ್ಲಿ ಕಾರ್ನಿವಲ್ ರಥಗಳ ಹಿಂದೆ ಜನ ಓಡುವಾಗ, ಈ ಕುಣಿತಕ್ಕೆ ಊರವರೇ ಪ್ರೇಕ್ಷಕರು. ಜೊತೆಗೆ ಮೊಲೆ ಸಮೀಪದ ಕಾಡಿನಲ್ಲಿರುವ ತಾಂಬಡಿ ಸುರ್ಲಾದ ಮಹಾದೇವ ದೇವಾಲಯವನ್ನು ಮಹಾಶಿವರಾತ್ರಿಗೆ ನೋಡಿ. ಕಪ್ಪು ಶಿಲೆಯ ಆ ಪುಟ್ಟ ಗುಡಿಯ ಕಂಬಗಳ ಮುಂದೆ ನಿಂತರೆ ಹಾನಗಲ್ಲು, ಬನವಾಸಿಯ ನೆನಪಾಗದೆ ಇರದು.

ಘೂಮಟ್‌ಗೆ ಉಡದ ಚರ್ಮ ಹೊದಿಸುತ್ತಾರಂತೆ. ಅದು ಅಪರಾಧವಲ್ಲವೇ?

ಹಿಂದೆ ಹೊದಿಸುತ್ತಿದ್ದರು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ರಕ್ಷಿತ ಪ್ರಾಣಿ, ಆದ್ದರಿಂದ ಈಗ ಆಡಿನ ಚರ್ಮ ಬಳಸುತ್ತಾರೆ. ಘೂಮಟ್ ಎರಡೂ ಕಡೆ ಬಾಯಿ ಇರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಚಿಕ್ಕ ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆರೆಯುತ್ತ ನಾದವನ್ನು ಏರಿಳಿಸುತ್ತಾರೆ. ಹಳಬರು ಹೊಸ ನಾದಕ್ಕೆ ಒಪ್ಪುವುದಿಲ್ಲ; ನನ್ನ ಮಟ್ಟಿಗೆ ಕಾಡಿನಲ್ಲಿ ಉಡ ಉಳಿಯುವುದೇ ಹೆಚ್ಚು. 2019ರಲ್ಲಿ ಗೋವಾ ಸರ್ಕಾರ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಕೊಳ್ಳುವವರು ಆಡಿನ ಚರ್ಮದ್ದೇ ಎಂದು ಖಚಿತಪಡಿಸಿಕೊಂಡು, ಸಾಧ್ಯವಾದರೆ ಕುಂಬಾರರಿಂದಲೇ ಕೊಳ್ಳಿ.

ಸರ್ಕಾರ ಬಹುಮಾನ ಕೊಟ್ಟು ಕುಣಿಸಿದರೆ, ಪ್ರವಾಸಿಗರು ಮುತ್ತಿದರೆ ಹಬ್ಬ ಕೆಡುವುದಿಲ್ಲವ‌ೇ?

ಕೆಡುವುದೂ ಇದೆ, ಉಳಿಯುವುದೂ ಇದೆ. ಮೆರವಣಿಗೆಯ ಬಹುಮಾನವಿರುವುದರಿಂದ ಹುಡುಗರು ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ. ಕೆಲಸಕ್ಕೆ ಪಣಜಿ, ಪುಣೆ ಸೇರಿದವರು ರಜೆ ಹಾಕಿ ಬರುತ್ತಾರೆ. ಗೋಫ್ ಹೆಣೆಯುವ ಎಳೆಯರು ಇದ್ದರೆ ತಾನೇ ಮುಂದಿನ ಮಾತು. ಇನ್ನೊಂದೆಡೆ, ಇಡೀ ರಾತ್ರಿಯ ಕುಣಿತ ಕೆಲವೇ ನಿಮಿಷಗಳಿಗೆ ಇಳಿಯುತ್ತದೆ. ಉಡುಪುಗಳು ಮಿರುಗತೊಡಗುತ್ತವೆ, ಕೈವಾದ್ಯದ ಮೇಲೆ ಧ್ವನಿವರ್ಧಕ ಕೂರುತ್ತದೆ.

ನನ್ನ ಅಳತೆಗೋಲು ಒಂದೇ: ಮೆರವಣಿಗೆಗೆ ಹೊರಡುವ ತಂಡ ಮೊದಲು ತನ್ನೂರ ಮಾಂಡಿನಲ್ಲಿ ನಮನ ಹಾಡುತ್ತದೆಯೇ? ಹಾಡುವ ತನಕ ಚಿಂತೆಯಿಲ್ಲ. ಬಹುಮಾನಕ್ಕೆಂದೇ ಕಟ್ಟಿದ, ಮಾಂಡೇ ಇಲ್ಲದ ತಂಡಗಳು ಹೆಚ್ಚಿದರೆ ಚಿಂತಿಸಬೇಕು. ಕಾಣಕೋಣದ ಮಲ್ಲಿಕಾರ್ಜುನ ದೇವರ ಶಿಶಾರಾನ್ನಿ ಎಂಬ ಆಚರಣೆಯನ್ನು ನೋಡಿ. ಮೂವರು ತಲೆಗೆ ತಲೆ ಸೇರಿಸಿ ಮಲಗುತ್ತಾರೆ, ಆ ತಲೆಗಳನ್ನೇ ಒಲೆಯ ಗುಂಡುಗಳನ್ನಾಗಿ ಮಾಡಿ ಮಡಕೆಯಿಟ್ಟು ಅನ್ನ ಬೇಯಿಸುತ್ತಾರೆ. ಅದು ಪ್ರತಿವರ್ಷ ನಡೆಯುವುದಿಲ್ಲ, ಒಂದು ವರ್ಷ ಬಿಟ್ಟು ಒಂದು ವರ್ಷ. ಪ್ರವಾಸಿಗರಿಗೆ ಅನುಕೂಲವಾಗಲೆಂದು ಯಾರೂ ಅದನ್ನು ವಾರ್ಷಿಕ ಮಾಡಿಲ್ಲ, ಮಾಡಬಾರದು.

ನಮ್ಮ ದುಡ್ಡು ಹಳ್ಳಿಯವರ ಕೈಗೇ ಸೇರಬೇಕಾದರೆ ಹೇಗೆ ಖರ್ಚು ಮಾಡಬೇಕು?

ಊರಿನ ಮನೆಯಲ್ಲಿ ಉಳಿಯಿರಿ, ಊರಿನ ಖಾನಾವಳಿಯಲ್ಲಿ ಉಣ್ಣಿ, ಊರಿನ ಹುಡುಗನನ್ನು ದಾರಿ ತೋರಿಸಲು ಕರೆದುಕೊಳ್ಳಿ. ದೇವಸ್ಥಾನದ ಹುಂಡಿಗೋ ಮೇಳದ ತಟ್ಟೆಗೋ ಕಾಣಿಕೆ ಹಾಕಿ. ಕುಣಿಯುವವರ ಕೈಗೆ ನೋಟು ತುರುಕಬೇಡಿ, ಅದು ಅವಮಾನ. ಕೋಕಂ, ಗೇರುಬೀಜ, ಬೆಲ್ಲವನ್ನು ಹಬ್ಬದ ಸಂತೆಯಲ್ಲಿ ಹೆಂಗಸರಿಂದ ಕೊಂಡರೆ ಅಂಗಡಿಗಿಂತ ಒಳ್ಳೆಯ ಸರಕು ಸಿಗುತ್ತದೆ. ಬಸ್ ತುಂಬ ಜನ ಬರುವುದಾದರೆ ಊರವರಿಗೆ ಮೊದಲೇ ತಿಳಿಸಿ. ಸಾವಿರ ಜನರಿರುವ ಹಳ್ಳಿಗೆ ಹೇಳದೆ ಐವತ್ತು ಜನ ಇಳಿದರೆ ಅನ್ನವೂ ಸಾಲದು, ನೀರೂ ಸಾಲದು.

ನಮ್ಮೂರ ಜಾತ್ರೆಗೂ ಹೀಗೆ ಪ್ರವಾಸಿಗರನ್ನು ಕರೆಸಬಹುದೇ? ಏನು ಸಿದ್ಧತೆ ಬೇಕು?

ಕೊಪ್ಪಳ, ಹಾವೇರಿ ಕಡೆಯ ಯುವಕರು ಈಚೆಗೆ ಇದನ್ನು ಹೆಚ್ಚು ಕೇಳುತ್ತಿದ್ದಾರೆ, ನನಗೆ ಖುಷಿಯಾಗುತ್ತದೆ. ಕರೆಸಬಹುದು. ವೇದಿಕೆ, ಪೆಂಡಾಲು, ಸಿನಿಮಾ ಗಾಯಕರಿಂದ ಶುರುಮಾಡಬೇಡಿ. ಅಲ್ಲೇ ಹಣ ಮುಗಿಯುತ್ತದೆ. ಮೊದಲು ಊರ ಹಿರಿಯರನ್ನೂ ಎಲ್ಲ ಕೇರಿಯವರನ್ನೂ ಕೂರಿಸಿ, ಯಾವ ಆಚರಣೆಗೆ ಹೊರಗಿನವರನ್ನು ಬಿಡಬಹುದು, ಯಾವುದಕ್ಕೆ ಬಿಡಬಾರದು ಎಂದು ತೀರ್ಮಾನಿಸಿಕೊಳ್ಳಿ. ಆ ತೀರ್ಮಾನವನ್ನು ಊರ ಬಾಗಿಲಲ್ಲಿ ಬರೆದು ಹಾಕಿ. ಆಮೇಲೆ ಹೆಂಗಸರಿಗೆ ಬೀಗ, ನೀರು, ಬೆಳಕು ಇರುವ ಶೌಚಾಲಯ. ಗೋವಾದ ಹಬ್ಬಗಳಲ್ಲಿ ನಮ್ಮ ಹೆಣ್ಣುಮಕ್ಕಳು ಅತಿ ಹೆಚ್ಚು ದೂರಿದ್ದು ಇದೊಂದರ ಬಗ್ಗೆಯೇ. ವಾಹನಗಳಿಗೆ ಊರ ಹೊರಗೆ ಜಾಗ, ಅಲ್ಲಿಂದ ನಡಿಗೆ. ಉಳಿಯಲು ಬರುವವರಿಗೆ ನಾಲ್ಕಾರು ಮನೆಗಳಲ್ಲಿ ಶುಚಿಯಾದ ಕೋಣೆ, ಮನೆಯೂಟ, ಮೊದಲೇ ಹೇಳಿದ ದರ. ಮೊದಲ ವರ್ಷ ಆ ಕೋಣೆಗಳು ಹಿಡಿಯುವಷ್ಟು ಜನರನ್ನು ಮಾತ್ರ ಕರೆಯಿರಿ.